ಲಗತ್ತು: ಭಾವಚಿತ್ರ ಒಂದು

೧೯೮೩ನೇ ಇಸವಿ ಆಗಸ್ಟ್ ೨೨, ಸೋಮವಾರ, ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಬೆಟಗೇರಿಯ ಮಾರ್ತಾಂಡರಾಯರಿಂದ ಗಣೇಶೋತ್ಸವದ ಐದನೆಯ ದಿನವನ್ನು ಕಸಿದುಕೊಳ್ಳಲಾಯಿತು.

ಕಸಿದುಕೊಂಡವರು ಓಣಿಯ ಉತ್ಸವ ಕಮಿಟಿಯ ಅಧ್ಯಕ್ಷರೂ ಸೀರೆ ವ್ಯಾಪಾರಿಗಳೂ ಆದ ಪುಂಡಲೀಕಪ್ಪನವರು. ಆ ಹೊತ್ತಿಗೆ ಅವರು ಮಾರ್ತಾಂಡರಾಯರ ಪಡಸಾಲೆಯಲ್ಲೇ ಕುಳಿತು, ಮಾರ್ತಾಂಡರಾಯರ ಮನೆಯ ಚಹಾವನ್ನೇ ಕುಡಿಯುತ್ತಿದ್ದರು.

"ಈ ಸಲ ಐದನೇ ದಿನಾ ಲಕ್ಷ್ಮೇಶ್ವರದವ್ರನ್ನ ಕರಸಾಕತ್ತೀವಿ, ರಾಯ್ರ. ನೀವೇನು, ಮನಿ ಮಂದಿ. ಯಾವಾಗಾರ ಹಾಡ್ತೀರಿ."

"ಹನ್ನೊಂದು ವರ್ಷ ಐದನೇ ದಿನ ನಾನ ಹಾಡೀನಿ."

"ಅದಕ್ಕ ನೋಡ್ರಿ! ಹನ್ನೊಂದು ವರ್ಷ ನಾವೂ ಕೇಳೀವಿ. ಹೊರಗಿನವ್ರು ಬಂದ್ರ ಮಂದಿ ಕೂಡ್ತೈತಿ."

"ಲಕ್ಷ್ಮೇಶ್ವರದಾಗ ಹಾಡವರು ಯಾರಿದ್ದಾರ್ರೀ?"

"ಹಿಂಗ ಕೇಳ್ತೀರಲ್ಲ! ನಮ್ಮ ಬಾಯಾರ ತಮ್ಮ, ನಿಮ್ಮ ರಾಮಚಂದ್ರ."

ಈ ರಾಮಚಂದ್ರ ಮಾರ್ತಾಂಡರಾಯರ ಹೆಂಡತಿ ಸುಂದರಾಬಾಯಿಯ ತಮ್ಮ. ಒಂಬತ್ತು ವರ್ಷಗಳ ಹಿಂದೆ ಇದೇ ಪಡಸಾಲೆಯಲ್ಲಿ, ಇದೇ ಮಾರ್ತಾಂಡರಾಯರ ಎದುರು ಕುಳಿತು ಪೇಟಿ ಕಲಿತವನು. ಪೇಟಿ ಎಂದರೆ ಹಾರ್ಮೋನಿಯಂ. ಕಲಿಸಿದವರ ಅಭಿಪ್ರಾಯದಲ್ಲಿ ಅವನು ಕಲಿತದ್ದು ಗಾಳಿ ಹಾಕುವುದನ್ನು ಮಾತ್ರ.

"ಯಾರ್ರೀ? ನಮ್ಮ ರಾಮೂನ?" ಎನ್ನುತ್ತ ಸುಂದರಾಬಾಯಿ ಅಡುಗೆಮನೆಯಿಂದ ಬಂದರು. ಪುಂಡಲೀಕಪ್ಪನವರಿಗೆ ಎರಡನೆಯ ಕಪ್ಪು ಚಹಾ ಸಿಕ್ಕಿತು. ಆ ಮನೆಯಲ್ಲಿ ಅವರಿಗೆ ಎರಡನೆಯ ಕಪ್ಪು ಸಿಕ್ಕದ್ದು ಅದೇ ಮೊದಲು.

ಚಹಾ ಮುಗಿಸಿ ಅವರು ಎದ್ದು ನಿಂತು ಹೇಳಿದರು: "ಇನ್ನೊಂದ್ರಿ. ಪಾಪ, ಅವ್ರು ಬಸ್ಸಿನಾಗ ಪೇಟಿ ಹೊತ್ಕೊಂಡು ಎಲ್ಲಿ ಬರ್ತಾರ? ನಿಮ್ಮ ಪೇಟಿ ಕೊಟ್ಟಬಿಡ್ರಿ. ಜಮಖಾನಿನೂ ನಿಮ್ಮದ ಇರ್ಲಿ."

ಇಲ್ಲಿ ಓದುಗರಿಗೆ ಒಂದು ಸಂಗತಿ ತಿಳಿಸಬೇಕು. ಒಂಬತ್ತು ದಿನಗಳ ಉತ್ಸವದಲ್ಲಿ ಐದನೆಯ ದಿನವೇ ದೊಡ್ಡದು. ಮನೆಯ ಗಣಪತಿಯನ್ನು ಕಳಿಸಿದವರೆಲ್ಲ ಅಂದು ಸಂಜೆ ಬಿಡುವಾಗಿ ಪೆಂಡಾಲಿಗೆ ಬರುತ್ತಾರೆ. ಪರಊರಿನ ಮಂಡಳಿ ಹಾಡುವುದಾದರೆ ಕಮಿಟಿ ಬಸ್ ಸ್ಟ್ಯಾಂಡಿಗೆ ಹೋಗಿ ಹಾರ ಹಾಕಿ, ಟಾಂಗಾದಲ್ಲಿ ಕೂಡಿಸಿಕೊಂಡು ಬಂದು, ಉಪ್ಪಿಟ್ಟು ತಿನ್ನಿಸಿ ಹಾಡಿಸುತ್ತದೆ. ಊರಿನ ಮಂಡಳಿಯಾದರೆ ತನ್ನ ಪೇಟಿಯನ್ನು ತಾನೇ ಹೊತ್ತು ತಂದು, ಹಾಡಿ, ಕೊನೆಗೆ ಜಮಖಾನೆಯನ್ನೂ ತಾನೇ ಸುತ್ತಬೇಕು. ಹನ್ನೊಂದು ವರ್ಷ ಮಾರ್ತಾಂಡರಾಯರು ಜಮಖಾನೆ ಸುತ್ತಿದ್ದರು. ಒಂದು ಹಾರವೂ ಅವರ ಕೊರಳಿಗೆ ಬಿದ್ದಿರಲಿಲ್ಲ.

ಅದೇ ದಿನ ಹನ್ನೊಂದೂ ಮುಕ್ಕಾಲಿಗೆ ಅವರು ಗದಗಿನ ತಹಶೀಲ್ದಾರರ ಕಚೇರಿಯಲ್ಲಿ, ತಮ್ಮ ಆವಕ-ಜಾವಕ, ಎಂದರೆ ಒಳಬಂದ-ಹೊರಹೋದ ಕಾಗದಗಳ, ಮೇಜಿನ ಮುಂದೆ ಕುಳಿತು ಸಾಹೇಬರು ಓದಿ ಬಿಟ್ಟ ಹಳೆಯ ಇಂಗ್ಲಿಷ್ ಪತ್ರಿಕೆಯೊಂದನ್ನು ನೋಡುತ್ತಿದ್ದರು. ಒಳಪುಟದಲ್ಲಿ ಒಂದು ಸುದ್ದಿಯಿತ್ತು: ಅಮೇರಿಕಾದಲ್ಲಿ ಆ ಬೇಸಿಗೆ ಹೆಚ್ಚು ಮಾರಾಟವಾದ ನಲವತ್ತು ಹಾಡುಗಳಲ್ಲಿ ಹೆಚ್ಚುಕಡಿಮೆ ಅರ್ಧ ಇಂಗ್ಲೆಂಡಿನವರವು. ಇಪ್ಪತ್ತು ವರ್ಷಗಳ ಹಿಂದೆಯೂ ಹೀಗೇ ಆಗಿತ್ತಂತೆ. ಅಮೇರಿಕಾದ ತರುಣ ತರುಣಿಯರು ವಿಮಾನ ನಿಲ್ದಾಣಕ್ಕೆ ನುಗ್ಗಿ ಚೀರುತ್ತಾರಂತೆ. ಜೊತೆಗೆ ನಾಲ್ವರು ಹಾಡುಗಾರರ ಚಿತ್ರ. ಭುಜದವರೆಗೆ ಕೂದಲು, ಕಣ್ಣಿಗೆ ಕಾಡಿಗೆ.

ಮಾರ್ತಾಂಡರಾಯರು ಎರಡು ಸಲ ಓದಿದರು. ಆಮೇಲೆ ಅಟೆಂಡರ್ ಹುಚ್ಚೀರಪ್ಪನನ್ನು ಕರೆದರು. ಹುಚ್ಚೀರಪ್ಪ ಮುಂಡರಗಿಯವನು, ರಾಯರ ಮಂಡಳಿಯಲ್ಲಿ ಹಿಮ್ಮೇಳ ಹಾಡುತ್ತಿದ್ದ.

"ಹುಚ್ಚೀರಪ್ಪಾ, ಹೊರಗಿನಿಂದ ಒಂದು ಕಾಗದ ಬಂದ್ರ ನಾವೇನು ಮಾಡ್ತೀವಿ?"

"ನಂಬರ್ ಹಾಕಿ, ಠಸ್ಸಿ ಹೊಡದು, ಸಾಹೇಬ್ರ ಮುಂದ ಇಡ್ತೀವ್ರಿ."

"ಇಲ್ಲೇ ಹುಟ್ಟಿದ ಕಾಗದ?"

"ಕಪಾಟಿನಾಗ ಬೀಳ್ತೈತ್ರಿ."

"ಖರೆ ಅದ. ಇಂಗ್ಲೆಂಡಿನವರು ಅಮೇರಿಕಾಕ್ಕ ಆವಕ. ರಾಮೂ ಬೆಟಗೇರಿಗೆ ಆವಕ. ನಾನು ಹನ್ನೊಂದು ವರ್ಷದಿಂದ ಕಪಾಟಿನಾಗ ಇದ್ದೀನಿ. ನಾವೂ ಆವಕ ಆಗ್ಬೇಕು."

ಹುಚ್ಚೀರಪ್ಪನಿಗೆ ಇದರಲ್ಲಿ ಏನೂ ತಿಳಿಯಲಿಲ್ಲ. ಆದರೆ ಶನಿವಾರ ಊರಿಗೆ ಹೋದಾಗ ಮುಂಡರಗಿಯ ಪೋಸ್ಟ್ ಡಬ್ಬಿಗೆ ಒಂದು ಪತ್ರ ಹಾಕಬೇಕೆಂಬುದು ತಿಳಿಯಿತು.

ಪತ್ರದ ಒಕ್ಕಣೆ ಮಾರ್ತಾಂಡರಾಯರದು. ಅಕ್ಷರ ಗುರುತು ಸಿಗಬಾರದೆಂದು, ಮಂಡಳಿಯಲ್ಲಿ ತಾಳ ಹಾಕುವ ಗುರುರಾಜ ಮಾಸ್ತರರಿಂದ ಬರೆಯಿಸಿದರು. ಅದು ಹೀಗಿತ್ತು:

"ಮಾನ್ಯರೇ, ಪರಊರಿನ ಗಾಯಕರನ್ನು ಅಮೇರಿಕಾದ ಜನ ತಲೆಯ ಮೇಲೆ ಹೊತ್ತು ಮೆರೆಸುತ್ತಿರುವುದು ತಮಗೆ ತಿಳಿದೇ ಇದೆ. ಬೆಟಗೇರಿಯ ರಸಿಕರು ಅಮೇರಿಕಾದವರಿಗಿಂತ ಕಡಿಮೆಯವರಲ್ಲ. ಉತ್ಸವದ ಐದನೆಯ ದಿನ ಹಾಡಲು ನಮ್ಮ ಮಂಡಳಿಯ ನಾಲ್ವರೂ ಸಿದ್ಧರಿದ್ದೇವೆ. ನಾವು ಸದಾ ಸಂಚಾರದಲ್ಲಿರುವುದರಿಂದ ಉತ್ತರವನ್ನು ಮುಂಡರಗಿ ಅಂಚೆ ಕಚೇರಿಯಲ್ಲಿ ಕಾಯ್ದಿರಿಸುವಂತೆ ಕಳಿಸಿರಿ. ಇಂತು, ಕಾರ್ಯದರ್ಶಿ, ಮುಂಡರಗಿ ಸಂಗೀತ ಮಂಡಳಿ."

ಇಷ್ಟಕ್ಕೇ ಬಿಟ್ಟಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ಸವೆದ ಕೈ, ಆಧಾರವಿಲ್ಲದೆ ಪತ್ರ ಕಳಿಸಲು ಒಪ್ಪಲಿಲ್ಲ. ಅಮೇರಿಕಾದ ಮಾತು ಸುಳ್ಳಲ್ಲ ಎಂದು ತೋರಿಸಲು ಅವರು ಪತ್ರಿಕೆಯ ಚಿತ್ರವನ್ನು ಅಂಚು ಸರಿಯಾಗಿ ಕತ್ತರಿಸಿ, ಅದರ ಕೆಳಗಿನ ಇಂಗ್ಲಿಷ್ ಸಾಲು ಕಾಗದದ ಅಳತೆಗೆ ಕೂಡಲಿಲ್ಲವೆಂದು ಅದನ್ನು ತೆಗೆದುಹಾಕಿ, ಗುಂಡುಸೂಜಿಯಿಂದ ಚುಚ್ಚಿದರು. ಪತ್ರದ ಕೊನೆಗೆ ಎಡಗಡೆ ಬರೆಯಿಸಿದರು: "ಲಗತ್ತು: ಭಾವಚಿತ್ರ ಒಂದು."

ಆಗಸ್ಟ್ ೩೧, ಬುಧವಾರ ಸಂಜೆ ಆರೂವರೆಗೆ ಪುಂಡಲೀಕಪ್ಪ ಓಡುತ್ತಲೇ ಬಂದರು.

"ರಾಯ್ರ, ಜಲ್ದಿ ಒಂದು ಉತ್ತರಾ ಬರದ ಕೊಡ್ರಿ. ನಿಮ್ಮಂಥಾ ಅಕ್ಷರಾ ಓಣ್ಯಾಗ ಯಾರ್ವೂ ಇಲ್ಲ. ಮುಂಡರಗಿಯಿಂದ ಪತ್ರ ಬಂದೈತಿ. ಮಂಡಳಿ ಅಂದ್ರ ಇದು ನೋಡ್ರಿ! ಅಮೇರಿಕಾಕ್ಕ ಹೋಗಿ ಬಂದಾರ."

"ಹಾಂಗೆಲ್ಲಿ ಬರೆದದ ಅದರಾಗ?"

"ನೀವಿನ್ನೂ ಪತ್ರ ಓದೇ ಇಲ್ಲ. ನಿಮಗ ಹೆಂಗ ಗೊತ್ತು?"

ಮಾರ್ತಾಂಡರಾಯರು ಪತ್ರ ಓದುವ ನಟನೆ ಮಾಡಿದರು. ಪುಂಡಲೀಕಪ್ಪ ಚಿತ್ರವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ನಾಲ್ಕು ಮಂದಿ. ಒಬ್ಬೊಬ್ಬಾಂದು ಕಳಾ ನೋಡ್ರಿ! ಮುಂಡರಗಿ ಬಿಸಲಾಗ ಇದ್ದೂ ಎಷ್ಟು ಕೆಂಪಗದಾರ."

"ಈ ಫೋಟೋ ಅವರದ ಅಂತ ಹೆಂಗ ಹೇಳ್ತೀರಿ?"

"ಲಗತ್ತು ಅಂತ ಬರದಾರಲ್ರೀ! ಅರ್ಜಿಗೆ ಬ್ಯಾರೇದವ್ರ ಫೋಟೋ ಹಚ್ಚತಾರೇನು ಯಾರಾರ? ಹೋದ ವರ್ಷ ನನ್ನ ಅರ್ಜಿ ನೀವ ತಿರುಗಿ ಕಳಿಸಿದ್ರಿ, ಫೋಟೋ ನನ್ನಂಗ ಇಲ್ಲ ಅಂತ."

ಇದು ನಿಜವಾಗಿತ್ತು. ಅರ್ಜಿಗೆ ಲಗತ್ತಿಸಿದ ಭಾವಚಿತ್ರ ಅರ್ಜಿದಾರನದೇ ಆಗಿರತಕ್ಕದ್ದೆಂಬ ನಿಯಮವನ್ನು ಇಡೀ ತಾಲ್ಲೂಕಿಗೆ ಕಲಿಸಿದವರೇ ಮಾರ್ತಾಂಡರಾಯರು. ಈಗ ಆ ನಿಯಮ ಅವರ ಪಡಸಾಲೆಗೇ ಬಂದು ಕುಳಿತಿತ್ತು.

"ಹಂಗಾದ್ರ ಲಕ್ಷ್ಮೇಶ್ವರದವರು?" ಎಂದು ಅವರು ಮೆಲ್ಲಗೆ ಕೇಳಿದರು.

"ಅವ್ರನ್ನ ನಾಕನೇ ದಿನಕ್ಕ ಸರಿಸೀವಿ."

ಮಾರ್ತಾಂಡರಾಯರು ದೌತಿಗೆ ಲೇಖನಿ ಅದ್ದಿದರು. ತಮ್ಮ ಪತ್ರಕ್ಕೆ ತಾವೇ ಉತ್ತರ ಬರೆದು, ಐದನೆಯ ದಿನ ನಾಲ್ಕೂವರೆಯ ಬಸ್ಸಿಗೆ ಬಂದಿಳಿಯಬೇಕೆಂದು ಕೋರಿದರು. 'ಮಾನ್ಯರೇ' ಎಂಬಲ್ಲಿ 'ಪರಮಪೂಜ್ಯರೇ' ಎಂದು ಹಾಕಿದರು. ಆ ರಾತ್ರಿ ಊಟಕ್ಕೆ ಅವರು ಒಂದು ಭಕ್ಕರಿ ಹೆಚ್ಚಿಗೆ ಹಾಕಿಸಿಕೊಂಡರೆಂದು ಸುಂದರಾಬಾಯಿ ನಂತರ ಹಲವರ ಮುಂದೆ ಹೇಳಿದ್ದಾರೆ.

ಈ ಸಂತೋಷ ಮೂರು ದಿನ ಬಾಳಿತು.

ಪುಂಡಲೀಕಪ್ಪ ಆ ಚಿತ್ರಕ್ಕೆ ಕಟ್ಟು ಹಾಕಿಸಿ ತಮ್ಮ ಅಂಗಡಿಯ ಮುಂದೆ ತೂಗುಬಿಟ್ಟಿದ್ದರು. ಸೀರೆ ಕೊಳ್ಳಲು ಬಂದವರು ಸೀರೆ ಬಿಟ್ಟು ಚಿತ್ರ ನೋಡಿದರು. ಹೂ ಮಾರುವ ಬೀರವ್ವ ಬುಟ್ಟಿ ಇಳಿಸಿ ಬಹಳ ಹೊತ್ತು ನಿಂತಳು.

"ಯಪ್ಪಾ, ಎಷ್ಟು ಕೂದಲಾ ಬಿಟ್ಟಾವ! ಸಾದಾ ಹಾರ ಇವಕ್ಕ ಸಿಗೇಬೀಳತಾವ. ಮಾರುದ್ದ ಕಟ್ಟಬೇಕು."

"ಕಣ್ಣಿಗಿ ಕಾಡಿಗಿ ಬ್ಯಾರೆ ಹಚ್ಚ್ಯಾರ," ಎಂದು ಮತ್ತಾರೋ ಅಂದರು.

"ದೃಷ್ಟಿ ಆಗಬಾರದಂತ ಹಚ್ಚಿರತಾರ. ದೊಡ್ಡ ಹಾಡವ್ರು."

ಅಲ್ಲೇ ನಿಂತಿದ್ದ ಮಾರ್ತಾಂಡರಾಯರಿಗೆ ತಡೆಯಲಾಗಲಿಲ್ಲ. "ಅಲ್ರೀ, ಒಂದು ಸ್ವರ ಕೇಳಿಲ್ಲ, ದೊಡ್ಡ ಹಾಡವರು ಅಂತ ಹೆಂಗ ಹೇಳ್ತೀರಿ?"

ಬೀರವ್ವ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನಿಮ್ದು ಹನ್ನೊಂದು ವರ್ಷ ಕೇಳೇ ಹೇಳ್ತೀವ್ರಿ, ರಾಯ್ರ. ಹೊಟ್ಟಿಕಿಚ್ಚು ಪಡಬ್ಯಾಡ್ರಿ."

ಮಾರ್ತಾಂಡರಾಯರು ಹೊಟ್ಟೆಕಿಚ್ಚು ಪಡಲಿಲ್ಲ ಎಂದು ಬರೆದರೆ ಸತ್ಯಕ್ಕೆ ದೂರವಾಗುತ್ತದೆ. ಮನೆಗೆ ಬಂದವರೇ ಕನ್ನಡಿಯ ಮುಂದೆ ನಿಂತು ಉಳಿದಿದ್ದ ಕೂದಲನ್ನು ಹಿಂದಿನಿಂದ ಮುಂದಕ್ಕೆ ಬಾಚಿ ನೋಡಿದರು. ಕಿವಿಯವರೆಗೂ ಬರಲಿಲ್ಲ. ಮಂಡಳಿಯ ತಬಲಾದವನೂ ವೃತ್ತಿಯಿಂದ ದರ್ಜಿಯೂ ಆದ ಬುಡ್ಡೇಸಾಬ ಅದೇ ಹೊತ್ತಿಗೆ ಒಳಗೆ ಬಂದು ಇದನ್ನು ಕಂಡ.

"ರಾಯ್ರ, ಅವ್ರು ಅಂದ್ರ ನಾವ ಅಲ್ರೀ? ನಮ್ಮ ಮ್ಯಾಲೆ ನಾವ ಯಾಕ ಉರಕೋಬೇಕು?"

"ಅವರು ನಾವಲ್ಲ, ಬುಡ್ಡೇಸಾಬ. ನಾವಾಗಿದ್ರ ಮಂದಿ ಹಿಂಗ ಹೊಗಳ್ತಿದ್ರೇನು?"



ಸೆಪ್ಟೆಂಬರ್ ೪, ಭಾನುವಾರ ಮಧ್ಯಾಹ್ನ ರಾಮಚಂದ್ರ ಬಂದ. ಲಕ್ಷ್ಮೇಶ್ವರದಿಂದ ನೇರವಾಗಿ ಬಂದಿರಲಿಲ್ಲ. ಎರಡು ದಿನ ಮುಂಡರಗಿಯಲ್ಲಿ ಸುತ್ತಾಡಿ ಬಂದಿದ್ದ. ಮುಖ ಸಣ್ಣದಾಗಿತ್ತು. ಸುಂದರಾಬಾಯಿ ಅವನಿಗೆ ಹೋಳಿಗೆ ಬಡಿಸಿ, ಹೆಸರು ಗೊತ್ತಿಲ್ಲದ ಆ ನಾಲ್ವರಿಗೂ ಬೇರೆ ಬೇರೆಯಾಗಿ ಶಾಪ ಹಾಕಿದರು.

"ಹೊಟೇಲು, ಕಟಿಂಗ್ ಅಂಗಡಿ, ಬಸ್ ಸ್ಟ್ಯಾಂಡ್, ಎಲ್ಲಾ ಕಡೆ ಕೇಳಿದೆ, ಭಾವ," ಎಂದ ರಾಮಚಂದ್ರ. "ನಾಲ್ಕು ಮಂದಿ, ಉದ್ದ ಕೂದಲು, ಗದಗಿನಾಗ ಹಾಡವರಿದ್ದಾರ ಅಂತ. ಒಬ್ಬರೂ ನೋಡಿಲ್ಲಂತ."

"ಅಂದ್ರ ಅವರು ಇಲ್ಲೇ ಇಲ್ಲ ಅಂತಾತಲ್ಲೋ," ಎಂದರು ಮಾರ್ತಾಂಡರಾಯರು, ಸ್ವಲ್ಪ ಆಸೆಯಿಂದ.

"ಇಲ್ಲಂದ್ರ ಏನ್ರಿ? ಬಾಗಿಲಾ ಹಾಕ್ಕೊಂಡು ತಾಲೀಮು ಮಾಡ್ತಾರ! ಊರವರಿಗೇ ಗೊತ್ತಾಗದಂಗ ಮಾಡ್ತಾರಂದ್ರ ಎಂಥಾ ತಾಲೀಮು ಇರಬೇಕು! ನಮ್ಮದು ಆರಂಭ ಮಾಡಿದ್ರ ಮೂರು ಓಣಿಗೆ ಕೇಳಸ್ತದ."

ಮರುದಿನ ಹನ್ನೆರಡಕ್ಕೆ ಊರಿನ ಪೊಲೀಸ್ ಫೌಜದಾರರು ಖುದ್ದಾಗಿ ಕಚೇರಿಗೆ ಬಂದು ಆವಕ ಮೇಜಿನ ಮುಂದೆ ಕುಳಿತರು. ಟೋಪಿ ತೆಗೆದು ಮೇಜಿನ ಮೇಲಿಟ್ಟು ಬೆವರು ಒರೆಸಿಕೊಂಡರು.

"ಆ ಸೀರಿ ಅಂಗಡ್ಯಾಗಿನ ಫೋಟೋ ನೋಡೀರೇನ್ರಿ?"

"ನೋಡೀನಿ, ಸಾಹೇಬ್ರ."

"ನನ್ನ ಇಪ್ಪತ್ತು ವರ್ಷದ ಸರ್ವಿಸ್‌ನಾಗ ಹೇಳ್ತೀನಿ, ಅವ್ರು ಮುಂಡರಗಿಯವ್ರಲ್ಲ. ಫಾರಿನ್‌ನವ್ರು. ಫಾರಿನ್‌ನವ್ರು ಊರಾಗ ಬಂದಿದ್ರ ನಮಗ ವರ್ದಿ ಕೊಡಬೇಕು, ಪಾಸ್‌ಪೋರ್ಟ್ ತೋರಸಬೇಕು. ಅವ್ರು ಯಾರು, ಎಲ್ಲಿ ಇರ್ತಾರ ಅಂತ ನಿಮ್ಮ ಕಚೇರಿಯಿಂದ ಮುಂಡರಗಿಗೆ ಬರದು ಕೇಳ್ರಿ."

ಅವರು ಕೊಟ್ಟ ಪತ್ರಕ್ಕೆ ಮಾರ್ತಾಂಡರಾಯರು ೨೧೧೭ ಎಂಬ ನಂಬರು ಕೊಟ್ಟು, ದುಂಡು ಠಸ್ಸೆ ಹೊಡೆದು, ಸಾಹೇಬರ ಮುಂದಿಟ್ಟರು. ತಮ್ಮ ಮೇಲಿನ ವಿಚಾರಣೆಯನ್ನು ತಾವೇ ದಾಖಲು ಮಾಡಿಕೊಂಡ ಗುಮಾಸ್ತರು ಆ ಕಚೇರಿಯಲ್ಲಿ ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ಪತ್ರ ಮುಂಡರಗಿಗೆ ಹೋಯಿತು. ಅಲ್ಲಿ ಅದು ಕೈಯಿಂದ ಕೈಗೆ ಇಳಿದು ಒಬ್ಬ ತಲಾಠಿಯನ್ನು, ಎಂದರೆ ಗ್ರಾಮಲೆಕ್ಕಿಗನನ್ನು, ಮುಟ್ಟಿತು. ಇಲ್ಲದವರನ್ನು ಇಲ್ಲವೆಂದು ಬರೆದರೆ ಸರಿಯಾಗಿ ಹುಡುಕಲಿಲ್ಲವೆಂಬ ಮಾತು ಬರುತ್ತದೆಂದು ಆತ ಬಲ್ಲವನಾಗಿದ್ದ. ಸೆಪ್ಟೆಂಬರ್ ೯ರಂದು ಉತ್ತರ ಬಂತು:

"ಚೌಕಶಿ ಮಾಡಲಾಗಿ, ಸದರಿ ನಾಲ್ವರು ಸದ್ಯ ಊರಲ್ಲಿ ಹಾಜರಿಲ್ಲ. ತಿರುಗಿ ಬಂದ ಕೂಡಲೇ ವರದಿ ಸಲ್ಲಿಸಲಾಗುವುದು."

ಇದರಿಂದ ಮುಂಡರಗಿ ಸಂಗೀತ ಮಂಡಳಿಯ ಅಸ್ತಿತ್ವ ಸರಕಾರಿ ಕಡತದಲ್ಲಿ ಸಿದ್ಧವಾಯಿತು. ಫೌಜದಾರರು ಐದನೆಯ ದಿನದ ಬಂದೋಬಸ್ತಿಗೆ ಆರು ಪೊಲೀಸರನ್ನು ಹೆಚ್ಚಿಗೆ ಹಾಕಿದರು. ಆರು ಪೊಲೀಸರು ಹೆಚ್ಚಿಗೆ ಇದ್ದಾರೆಂದು ತಿಳಿದು, ಇನ್ನೂ ಬರಬೇಕೋ ಬೇಡವೋ ಎಂದುಕೊಂಡಿದ್ದ ಜನರೆಲ್ಲ ಬರುವುದೆಂದು ನಿಶ್ಚಯಿಸಿದರು.

ಸೆಪ್ಟೆಂಬರ್ ೧೪, ಬುಧವಾರ, ಐದನೆಯ ದಿನ. ಮಾರ್ತಾಂಡರಾಯರು ರಜೆ ಹಾಕಿದರು. ಗುರುರಾಜ ಮಾಸ್ತರ, ಬುಡ್ಡೇಸಾಬ, ಹುಚ್ಚೀರಪ್ಪ ಇವರನ್ನು ಕರೆದುಕೊಂಡು ಹನ್ನೆರಡೂವರೆಯ ಬಸ್ಸಿಗೆ ಮುಂಡರಗಿಗೆ ಹೋದರು. ಅಲ್ಲಿ ಒಂದೊಂದು ಕಪ್ಪು ಚಹಾ ಕುಡಿದರು. ಮೂರೂ ಕಾಲಿನ ಬಸ್ಸಿಗೆ ತಿರುಗಿ ಹೊರಟರು. ಈಗ ಅವರು ಲೆಕ್ಕಕ್ಕೆ ಸರಿಯಾಗಿ ಆವಕವಾಗಿದ್ದರು. ದಾರಿಯುದ್ದಕ್ಕೂ ಮಾರ್ತಾಂಡರಾಯರು ಅಂಗಿಯ ಕಾಲರು ಸರಿಪಡಿಸಿಕೊಳ್ಳುತ್ತಿದ್ದರು, ಹಾರಕ್ಕೆ ಅಡ್ಡ ಬಾರದಂತೆ.

ನಾಲ್ಕೂ ಮೂವತ್ತೈದಕ್ಕೆ ಬಸ್ಸು ಬಂತು. ನಾಲ್ಕು ಮಾರುದ್ದದ ಹಾರ, ಎರಡು ಟಾಂಗಾ, ಒಂದು ಜೋಡಿ ಹಲಗೆ ವಾದ್ಯದ ಸಮೇತ ಕಮಿಟಿ ಕಾಯುತ್ತಿತ್ತು. ಹಲಗೆ ಶುರುವಾಯಿತು. ಪೇಟಿಯನ್ನು ಎದೆಗವಚಿಕೊಂಡು ಮಾರ್ತಾಂಡರಾಯರು ಬಾಗಿಲಿಗೆ ಬಂದು, ಮೆಟ್ಟಿಲ ಮೇಲೆ ನಿಂತು, ಕೊರಳನ್ನು ಸ್ವಲ್ಪ ಮುಂದೆ ಚಾಚಿದರು.

"ಏ ರಾಯ್ರ, ಸರೀರಿ ಸರೀರಿ!" ಎಂದು ಪುಂಡಲೀಕಪ್ಪ ಕೂಗಿದರು. "ಬಾಗಲದಾಗ ನಿಂದರಬ್ಯಾಡ್ರಿ. ಅವ್ರು ಇಳೀಬೇಕು."

"ಪುಂಡಲೀಕಪ್ಪನವರ, ಮುಂಡರಗಿ ಮಂಡಳಿ ಅಂದ್ರ ನಾವ."

"ಚ್ಯಾಷ್ಟಿ ಆಮ್ಯಾಲ ಮಾಡ್ರಿ, ಮೊದಲ ಇಳೀರಿ."

"ಚ್ಯಾಷ್ಟಿ ಅಲ್ಲ. ಆ ಪತ್ರ ನಾನ ಬರೆದದ್ದು!"

"ಗೊತ್ತೈತ್ರಿ. ನನ್ನ ಮುಂದ ಕುಂತ ಬರದೀರಿ. ಛಲೋ ಬರದೀರಿ. ಈಗ ಸರೀರಿ!"

ನಾಲ್ವರೂ ಇಳಿದರು. ಅವರ ಹಿಂದೆ ಮೆಣಸಿನಕಾಯಿ ಚೀಲದ ಒಬ್ಬ ರೈತ, ಕೂಸು ಎತ್ತಿಕೊಂಡ ಒಬ್ಬ ಹೆಂಗಸು ಇಳಿದರು. ಬಸ್ಸು ಖಾಲಿಯಾಯಿತು. ಪುಂಡಲೀಕಪ್ಪ ಒಳಹೊಕ್ಕು ಸೀಟುಗಳ ಕೆಳಗೂ ಬಗ್ಗಿ ನೋಡಿದರು. ಕಂಡಕ್ಟರನನ್ನು ಫೌಜದಾರರು ಎರಡು ಸಲ ಪ್ರಶ್ನಿಸಿದರು. ಉದ್ದ ಕೂದಲಿನವರು ಯಾರೂ ಟಿಕೀಟು ತೆಗೆಸಿರಲಿಲ್ಲ.

"ಇನ್ನೊಂದು ಬಸ್ಸು ಐತಿ, ಆರಕ್ಕ," ಎಂದರು ಪುಂಡಲೀಕಪ್ಪ, ಇಳಿದು ಬಂದು. "ಅದರಾಗ ಬರ್ತಾರ. ಬೀರವ್ವಾ, ಹಾರಕ್ಕ ನೀರು ಹೊಡಿ. ರಾಯ್ರ, ನೀವು ಹೆಂಗೂ ಪೇಟಿ ತಂದೀರಿ. ಅವ್ರು ಬರೂತನಕ ಮಂದೀನ ಸ್ವಲ್ಪ ಸಂಭಾಳಸ್ರಿ."

ಹೀಗೆ ಐದನೆಯ ದಿನ ಮಾರ್ತಾಂಡರಾಯರಿಗೆ ತಿರುಗಿ ಸಿಕ್ಕಿತು.

ಪೆಂಡಾಲಿನಲ್ಲಿ ಸೇರಿದ್ದ ಜನ ಕಮಿಟಿಯ ಅಂದಾಜಿನಂತೆ ಎರಡು ಸಾವಿರ, ಪೊಲೀಸರ ಅಂದಾಜಿನಂತೆ ಒಂಬೈನೂರು. ಎರಡರಲ್ಲಿ ಯಾವುದನ್ನು ನಂಬಿದರೂ, ಅಷ್ಟು ಜನರ ಮುಂದೆ ಮಾರ್ತಾಂಡರಾಯರು ಅಲ್ಲಿಯವರೆಗೆ ಹಾಡಿರಲಿಲ್ಲ. ಆರೂ ಮುಕ್ಕಾಲಿಗೆ ಶುರು ಮಾಡಿದರು. ಸಿಟ್ಟು, ದುಃಖ, ಹೊಟ್ಟೆಯ ಉರಿ ಎಲ್ಲ ಸೇರಿ ಧ್ವನಿ ಎಂದೂ ಹೋಗದ ಎತ್ತರಕ್ಕೆ ಹೋಗಿ ಅಲ್ಲೇ ನಿಂತಿತು. ಬುಡ್ಡೇಸಾಬ ತಬಲಾದಿಂದ ತಲೆ ಎತ್ತಿ ರಾಯರ ಮುಖ ನೋಡಿದ. ಮೊದಲ ಸಾಲಿನಲ್ಲಿದ್ದ ರಾಮಚಂದ್ರ ಬಾಯಿ ತೆರೆದವನು ಮುಚ್ಚಲಿಲ್ಲ. ಯಾರೂ ಎದ್ದು ಹೋಗಲಿಲ್ಲ; ಎದ್ದರೆ ಮುಂಡರಗಿಯವರು ಬಂದಾಗ ಜಾಗ ಸಿಗುವುದಿಲ್ಲವೆಂದು.

ಪ್ರತಿ ಹಾಡು ಮುಗಿದಾಗಲೂ ಪುಂಡಲೀಕಪ್ಪ ಮೈಕ್ ಹಿಡಿದು, "ಮುಂಡರಗಿಯವ್ರು ಹಾದ್ಯಾಗ ಅದಾರ" ಎಂದು ಸಾರಿದರು. ಆಗ ಚಪ್ಪಾಳೆ ಬಿತ್ತು.

ಎಂಟೂ ಐವತ್ತಕ್ಕೆ ಮಾರ್ತಾಂಡರಾಯರು ಮಂಗಳ ಹಾಡಿದರು. ನಾಲ್ವರು ಅತಿಥಿಗಳಿಗೆ ಪರದೇಶದಿಂದ ತುರ್ತು ಕರೆ ಬಂದಿರುವುದರಿಂದ ಈ ವರ್ಷ ಬರಲಾಗಲಿಲ್ಲ, ಅವರು ಊರಿನಲ್ಲಿಲ್ಲವೆಂದು ಸರಕಾರವೇ ತಿಳಿಸಿದೆ, ಮುಂದಿನ ವರ್ಷದ ಐದನೆಯ ದಿನವನ್ನು ಈಗಲೇ ಅವರಿಗೆ ಕಾಯ್ದಿಟ್ಟಿದೆ ಎಂದು ಪುಂಡಲೀಕಪ್ಪ ಪ್ರಕಟಿಸಿದರು. ಇಡೀ ಪೆಂಡಾಲು ಉಸಿರು ಬಿಟ್ಟಿತು. ಮಾರ್ತಾಂಡರಾಯರು ಜಮಖಾನೆ ಸುತ್ತಿದರು.

ಮನೆಯಲ್ಲಿ ಸುಂದರಾಬಾಯಿ ತಾಟು ಹಾಕುತ್ತ ಹೇಳಿದರು: "ಇವತ್ತು ಹಾಡಿದಂಗ ನೀವು ಎಂದೂ ಹಾಡಿದ್ದಿಲ್ಲ, ನೋಡ್ರಿ."

ಮಾರ್ತಾಂಡರಾಯರು ಎತ್ತಿದ ತುತ್ತನ್ನು ಕೈಯಲ್ಲೇ ಹಿಡಿದು ಕಾಯ್ದರು.

"ಆದ್ರೂ ಅವರು ಬರಬೇಕಿತ್ತು," ಎಂದರು ಸುಂದರಾಬಾಯಿ.

ತಾಟಿನ ಆ ಕಡೆ ಕುಳಿತಿದ್ದ ರಾಮಚಂದ್ರ ತಲೆ ಎತ್ತಿದ. ಆವತ್ತು ಅವನಿಗೂ ಅವನ ಭಾವನಿಗೂ ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಮ್ಮತ ಮೂಡಿತು.

"ಭಾವ, ಅವರದು ಶ್ರುತಿ ನಿಲ್ಲೂದಿಲ್ಲಂತ," ಎಂದ.

"ಹೌದಂತ," ಎಂದರು ಮಾರ್ತಾಂಡರಾಯರು. "ನಾನೂ ಕೇಳೀನಿ."

ಅತ್ತ ಮುಂಡರಗಿಯಲ್ಲಿ ಆ ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ರಾಮಚಂದ್ರ ಎರಡು ದಿನ ಊರೆಲ್ಲ ಕ್ಷೌರದ ಅಂಗಡಿ, ಹೊಟೇಲುಗಳಲ್ಲಿ ವಿಚಾರಿಸಿದ್ದ. ಅದಾದ ಮೇಲೆ ತಲಾಠಿ ಚೌಕಶಿ ಮಾಡಿದ್ದ. ಉದ್ದ ಕೂದಲಿನ ನಾಲ್ವರು ಹಾಡುಗಾರರಿಗೆ ಗದಗ-ಬೆಟಗೇರಿಯಲ್ಲಿ ಟಾಂಗಾ, ಹಾರ, ಉಪ್ಪಿಟ್ಟು ಮತ್ತು ಆರು ಪೊಲೀಸರು ಕಾಯುತ್ತಿದ್ದಾರೆಂಬ ಖಬರು ಅಲ್ಲಿಯ ಕಾಲೇಜು ಕಟ್ಟೆಗೆ ಮುಟ್ಟಿತು. ನಾಲ್ವರು ತರುಣರು ಕ್ಷೌರ ನಿಲ್ಲಿಸಿದರು. ಒಬ್ಬ ಗಿಟಾರು ತರಿಸಿದ.

೧೯೮೪ನೇ ಇಸವಿ ಸೆಪ್ಟೆಂಬರ್ ೩, ಸೋಮವಾರ, ಉತ್ಸವದ ಐದನೆಯ ದಿನ, ಅವರು ಮುಂಡರಗಿ ಸಂಗೀತ ಮಂಡಳಿಯಾಗಿ ಬೆಟಗೇರಿಯ ಪೆಂಡಾಲಿನಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಹಾಡಿದರು.